ಹದಿನಾಲ್ಕನೇ ನಂಬರಿನ ಜಾತಕ

ಆರು ವರ್ಷದ ಹಿಂದೆ ಗುಮಾಸ್ತ ಒಂದು ಕಾಲಂ ಖಾಲಿ ಬಿಟ್ಟಿದ್ದ. ಹದಿನಾಲ್ಕನೇ ನಂಬರಿನ ವಿಷಯದಲ್ಲಿ ಅವನು ಮಾಡಿದ ಪ್ರಾಮಾಣಿಕ ಕೆಲಸ ಅದೊಂದೇ.

ಅವನಿದ್ದದ್ದು ವಿದ್ಯುತ್ ರೈಲು ಎಂಜಿನ್‌ಗಳ ಶೆಡ್ಡಿನಲ್ಲಿ. ಏಳನೇ ವರ್ಗ ಎಂಬ ಒಂದೇ ಬಗೆಯ ಇಪ್ಪತ್ತೆರಡು ಎಂಜಿನ್‌ಗಳು ಅಲ್ಲಿಗೆ ಸೇರಿದ್ದವು. ಆರು ಸಾವಿರ ಕುದುರೆಯ ಬಲ, ಹಿಂದೆ ಮುಂದೆ ಎರಡು ಕಡೆಯೂ ಮುಖ, ಒಳಗೆಲ್ಲ ಕಂಪ್ಯೂಟರು. ಹದಿನಾರು ವರ್ಷದ ಹಿಂದೆ ಅವು ಬಂದಾಗ ಇನ್ನು ನಲವತ್ತು ವರ್ಷ ತಿರುಗಿ ನೋಡಬೇಕಿಲ್ಲ ಎಂದು ಯಾರೋ ಭಾಷಣ ಮಾಡಿದ್ದರಂತೆ. ಮೊದಲ ವರ್ಷ ಗಾಳಿ ಜೋರಾದಾಗಲೆಲ್ಲ ಕರೆಂಟು ಹಿಡಿಯುವ ನೆತ್ತಿಯ ಮೇಲಿನ ಕೈ ತಂತಿಗೆ ಸಿಕ್ಕಿ ಮುರಿಯಿತು. ಎರಡನೇ ವರ್ಷ ಹಳಿಯ ಮೇಲೆ ಎಲೆ ಬಿದ್ದರೂ ಗುಡ್ಡ ಕುಸಿಯಿತೆಂದು ತಿಳಿದು ಕಂಪ್ಯೂಟರು ಬ್ರೇಕ್ ಹಾಕಿತು. ಮೂರನೇ ವರ್ಷ ಇಪ್ಪತ್ತೆರಡಕ್ಕೂ ಹೊಸ ಕಂಪ್ಯೂಟರು ಕೂರಿಸಿದರು. ಆಮೇಲೆ ಗುಡ್ಡ ಕುಸಿದರೂ ಅವು ಎಲೆ ಎಂದುಕೊಂಡವು. ಹೀಗೆ ಆದದ್ದು ಹೋದದ್ದು, ಓಡಿದ ಕಿಲೋಮೀಟರು, ಬದಲಾಯಿಸಿದ ಪಾರ್ಟು, ಎಲ್ಲ ಬರೆದಿಡಲು ಒಂದೊಂದು ಎಂಜಿನ್ನಿಗೂ ಒಂದೊಂದು ದಪ್ಪ ಪುಸ್ತಕವಿತ್ತು. ಶೆಡ್ಡಿನವರು ಅದನ್ನು ಜಾತಕ ಎನ್ನುತ್ತಿದ್ದರು. ಜಾತಕ ಬರೆಯುವವನು ಗುಮಾಸ್ತ.

ಹದಿನಾಲ್ಕನೇ ನಂಬರಿನ ಎಂಜಿನ್ ಅಂಗೈಯಗಲದ ಒಂದು ಪಾರ್ಟಿಗಾಗಿ ನಿಂತಿತು. ಬರುವವರೆಗೆ ಇರಲಿ ಎಂದು ಹಿಂದಿನ ಹಳಿಗೆ ತಳ್ಳಿದರು. ಪಾರ್ಟು ಬರಲಿಲ್ಲ. ಅಷ್ಟರಲ್ಲಿ ಬೇರೊಂದು ಎಂಜಿನ್ನಿಗೆ ಮೋಟರ್ ಬೇಕಾಯಿತು. ನಿಂತದ್ದು ಒಂದು ಇದೆಯಲ್ಲ ಎಂದು ಅದರಿಂದ ಬಿಚ್ಚಿದರು. ಒಬ್ಬರು ಬಿಚ್ಚಿದ್ದನ್ನು ನೋಡಿ ಇನ್ನೊಬ್ಬರು ಬಿಚ್ಚಿದರು. ಶೆಡ್ ಮಾಸ್ತರರ ಮೇಜಿನ ಮೇಲಿನ ಗಾಜು ಅದರ ಮುಂಗಾಜು. ಅವರ ತಲೆಯ ಮೇಲೆ ತಿರುಗುವ ಫ್ಯಾನು ಅದರದು. ಗುಮಾಸ್ತ ಕೂರುತ್ತಿದ್ದದ್ದು ಅದರ ಡ್ರೈವರ್ ಸೀಟಿನ ಮೇಲೆ. ಉಳಿದದ್ದು ತಗಡಿನ ಮೈ, ಚಕ್ರ, ಮತ್ತು ಒಳಗೆ ಹಗ್ಗ ಕಟ್ಟಿ ಒಣಹಾಕಿದ ಕೆಲಸಗಾರರ ಬಟ್ಟೆ. ಅದಕ್ಕೆ ಶೆಡ್ಡಿನವರು ಇಟ್ಟ ಹೆಸರು ದಾನಿ.

ಎಂಜಿನ್ ಸತ್ತಿದೆ ಎಂದು ಘೋಷಿಸಲು ಮೂವರು ಅಧಿಕಾರಿಗಳ ಸಹಿ ಬೇಕು. ಮೂವರಲ್ಲಿ ಒಬ್ಬರೂ ರಜೆಯಲ್ಲಿಲ್ಲದ ದಿನ ಆರು ವರ್ಷದಲ್ಲಿ ಬರಲೇ ಇಲ್ಲ. ಹಾಗಾಗಿ ಕಾಗದದ ಮೇಲೆ ದಾನಿ ಬದುಕಿತ್ತು, ಅದರ ಜಾತಕವನ್ನು ತಿಂಗಳಿಗೊಂದು ಪುಟ ಬರೆಯಲೇಬೇಕಿತ್ತು. ಮೊದಲ ತಿಂಗಳು ಗುಮಾಸ್ತ ಕಿಲೋಮೀಟರಿನ ಕಾಲಂ ಖಾಲಿ ಬಿಟ್ಟ. ಹೆಡ್ಡಾಫೀಸಿನವರು ಇಪ್ಪತ್ತೆರಡು ಪುಸ್ತಕಗಳನ್ನೂ ವಾಪಸು ಕಳಿಸಿದರು. ಯಾವ ಕಾಲಮ್ಮೂ ಖಾಲಿ ಇರಕೂಡದು.

ಆಗ ಉಪಾಯ ಹೇಳಿದವನು ಸ್ಟೋರ್ ಕೀಪರ್. ಆಫೀಸಿನಲ್ಲಿ ಪಕ್ಕದ ಮೇಜು, ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆ. ಕೇಳಿದವರಿಗೂ ಕೇಳದವರಿಗೂ ಉಪಾಯ ಹೇಳುತ್ತಿದ್ದುದರಿಂದ ಅವನ ಹೆಸರೇ ಉಪಾಯ ಎಂದಾಗಿತ್ತು. ಉಳಿದ ಇಪ್ಪತ್ತೊಂದು ಎಂಜಿನ್ ಓಡಿದ ಸರಾಸರಿ ತೆಗೆದು ದಾನಿಗೂ ಅದನ್ನೇ ಬರಿ ಎಂದ. ದೋಷದ ಕಾಲಂ ಡ್ರೈವರುಗಳ ದೂರು ಚೀಟಿ ನೋಡಿ ತುಂಬುವುದು. ಓಡದ ಎಂಜಿನ್ ಮೇಲೆ ಯಾರು ದೂರು ಕೊಡುತ್ತಾರೆ? ಗುಮಾಸ್ತ ‘ಇಲ್ಲ’ ಎಂದು ಬರೆದ. ಎಪ್ಪತ್ತೆರಡು ತಿಂಗಳು ಹಾಗೇ ಬರೆದ. ಎಪ್ಪತ್ತೆರಡಕ್ಕೂ ಶೆಡ್ ಮಾಸ್ತರರು ಕಣ್ಣು ಮುಚ್ಚಿ ಸಹಿ ಹಾಕಿದರು.

ಆ ಶುಕ್ರವಾರ ಬೆಳಗ್ಗೆ ಗುಮಾಸ್ತನ ಹೆಂಡತಿ ಫೋನ್ ಮಾಡಿದಳು. ಅವಳು ರೈಲಿನಲ್ಲಿ ಒಂಬತ್ತು ಗಂಟೆ ದೂರದ ಬಂದರು ಊರಿನಲ್ಲಿ ಟೀಚರು. ಆರು ವರ್ಷದ ಮಗಳೂ ಅಲ್ಲೇ. ತಿಂಗಳಿಗೊಮ್ಮೆ ಬರುವ ಅಪ್ಪನನ್ನು ಮಗಳು ನೀವು ಎನ್ನಲು ಶುರುಮಾಡಿದ್ದಳು, ನೆಂಟರಿಗೆ ಅಂದ ಹಾಗೆ. ಅಲ್ಲಿಗೆ ವರ್ಗ ಕೊಡಿ ಎಂದು ಗುಮಾಸ್ತ ಏಳು ಅರ್ಜಿ ಹಾಕಿದ್ದ. ಎಂಟನೆಯದು ಜೇಬಿನಲ್ಲಿತ್ತು.

“ಯಾರಾದ್ರೂ ದೊಡ್ಡವರು ಬಂದಾಗ ಕೈಯಲ್ಲೇ ಕೊಡಿ. ಬಾಯಿ ಬಿಟ್ಟು ಕೇಳಿ,” ಎಂದಳು. “ಟೇಬಲ್ ಮೇಲಿಟ್ಟು ಬಂದೆ ಅಂತ ಮಾತ್ರ ಹೇಳ್ಬೇಡಿ.”

ಬಾಯಿ ಬಿಟ್ಟು ಕೇಳುತ್ತೇನೆ ಎಂದು ಗುಮಾಸ್ತ ಮಾತು ಕೊಟ್ಟ.

ಹತ್ತು ಗಂಟೆಗೆ ಶೆಡ್ ಮಾಸ್ತರರ ಊಟದ ಡಬ್ಬಿಯ ಕೆಳಗಿನಿಂದ ಮೂರು ದಿನದ ಹಿಂದಿನ ಒಂದು ಪತ್ರ ಸಿಕ್ಕಿತು. ಶುಕ್ರವಾರ ಸಂಜೆ ನಾಲ್ಕಕ್ಕೆ ಮುಖ್ಯ ಇಂಜಿನಿಯರ್ ಖುದ್ದಾಗಿ ಬಂದು ಹದಿನಾಲ್ಕನೇ ನಂಬರಿನ ಎಂಜಿನ್ ನೋಡುವರು. ಆರು ವರ್ಷದಲ್ಲಿ ಒಂದು ದೋಷವೂ ಇಲ್ಲದ, ಏಳನೇ ವರ್ಗದ ಏಕೈಕ ಎಂಜಿನ್ ಅದಾಗಿರುವುದರಿಂದ ಅದರ ಮುಂದಿನ ಗತಿಯನ್ನು ಸ್ಥಳದಲ್ಲೇ ತೀರ್ಮಾನಿಸುವರು. ಪುಸ್ತಕ ಬರೆದವರು ತಪ್ಪದೆ ಹಾಜರಿರಬೇಕು.

ಮಾಸ್ತರರು ಎರಡು ಸಲ ಓದಿದರು.

“ಇದ್ರಲ್ಲಿ ಹದಿನಾಲ್ಕು ಅಂತಿದೆ.”

“ಹೌದು ಸಾರ್.”

“ನಮ್ಮ ಹದಿನಾಲ್ಕಾ?”

“ನಮ್ಮದೇ ಸಾರ್.”

ಮಾಸ್ತರರು ಮೇಜಿನ ಗಾಜು ನೋಡಿದರು, ತಲೆಯೆತ್ತಿ ಫ್ಯಾನು ನೋಡಿದರು, ಗುಮಾಸ್ತನ ಸೀಟು ನೋಡಿದರು. ಕದ್ದ ಮಾಲಿನ ನಡುವೆ ಕಣ್ಣು ಬಿಟ್ಟ ಮನುಷ್ಯನಂತೆ ಕಂಡರು. ಗುಮಾಸ್ತನಿಗೆ ಕಾಲಿನ ಕೆಳಗಿನ ನೆಲವನ್ನೂ ಯಾರೋ ಬಿಚ್ಚಿಕೊಂಡು ಹೋದ ಹಾಗಾಯಿತು. ಸುಳ್ಳು ಜಾತಕ ಬರೆದವನಿಗೆ ವರ್ಗ ಹಾಗಿರಲಿ, ಕೆಲಸವೇ ಉಳಿಯುವುದಿಲ್ಲ.

ಸುದ್ದಿ ಕೇಳಿ ಎಲ್ಲರೂ ಬಂದರು. ಶೆಡ್ಡಿನ ಹಿರಿಯ ಫಿಟ್ಟರ್ ಒಬ್ಬ ಹೆಂಗಸು. ಎಲ್ಲರಿಗೂ ಫಿಟ್ಟರಕ್ಕ. ಕೈಯ ಗ್ರೀಸು ಒರೆಸಿಕೊಳ್ಳುತ್ತ ಗುಮಾಸ್ತನ ಮುಖ ನೋಡಿದಳು.

“ಹೇಳ್ಬಿಡು ತಮ್ಮಾ. ಸತ್ತದ್ದನ್ನ ಸತ್ತಿದೆ ಅನ್ನೋದು ಮೊದಲ್ನೇ ಸಲ ಮಾತ್ರ ಕಷ್ಟ. ಬೈತಾರೆ, ಬೈಸ್ಕೋ.”

“ಅಕ್ಕ, ಹೇಳಿದ್ರೆ ಕೆಲಸ ಹೋಗತ್ತೆ,” ಎಂದ ಉಪಾಯ. “ಹೇಳ್ದೆ ಇದ್ರೆ ಒಂದು ಡಬ್ಬ ಬಣ್ಣ ಹೋಗತ್ತೆ.”

ಉಪಾಯ ಸರಳವಾಗಿತ್ತು. ಏಳನೇ ವರ್ಗದ ಎಲ್ಲ ಎಂಜಿನ್ನೂ ನೋಡಲು ಒಂದೇ ಥರ. ಬೇರೊಂದರ ಮೇಲೆ ಹದಿನಾಲ್ಕು ಎಂದು ಬರೆದರೆ ಅದೇ ಹದಿನಾಲ್ಕು. ಮಾಸ್ತರರಿಗೆ ಉಸಿರು ಬಂತು. ಗುಮಾಸ್ತನ ಮೌನವನ್ನು ಒಪ್ಪಿಗೆ ಎಂದು ಬರೆದುಕೊಂಡರು.

ತೊಂದರೆ ಎಂದರೆ ಒಳ್ಳೆಯ ಎಂಜಿನ್‌ಗಳೆಲ್ಲ ಆ ಹೊತ್ತಿಗೆ ರೈಲು ಎಳೆಯಲು ಹೋಗಿದ್ದವು. ಶೆಡ್ಡಿನಲ್ಲಿದ್ದದ್ದು ಒಂಬತ್ತನೇ ನಂಬರು ಮಾತ್ರ. ಅದು ಯಾವಾಗಲೂ ಇರುತ್ತಿತ್ತು. ಎಂಜಿನ್ನಿನಲ್ಲಿ ಏನಾದರೂ ಕೆಟ್ಟರೆ ಒಳಗೊಂದು ಎಚ್ಚರಿಕೆಯ ಗಂಟೆ ಮೊಳಗುತ್ತದೆ. ಒಂಬತ್ತರಲ್ಲಿ ಅದು ನಿಲ್ಲುವುದು ಅಪರೂಪ. ಊರ ಸ್ಟೇಷನ್ನಿನಲ್ಲಿ ಕೂತವರೂ ಅದನ್ನು ಕೇಳಿ ಅಳುಬುರುಕಿ ಬಂತು ಎನ್ನುತ್ತಿದ್ದರು.

ಪೇಂಟರ್ ತಾತನನ್ನು ಕರೆದರು. ಅವನು ಸೊನ್ನೆ ಬರೆಯಲೂ ಅಳತೆ ಪಟ್ಟಿ ತೆಗೆಯುವವನು. ತಗಡಿನಲ್ಲಿ ಹದಿನಾಲ್ಕು ಎಂದು ಹೊಸ ಅಚ್ಚು ಕತ್ತರಿಸಲು ಒಂದು ಗಂಟೆ ತೆಗೆದುಕೊಂಡ. ನೇರ ಎಂಜಿನ್ ಮೇಲೆ ಹೊಡೆಯುವುದು ಅವನ ಜಾಯಮಾನವಲ್ಲ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ಒಂದು ನೀಲಿ ಬಟ್ಟೆಯ ಮೇಲೆ ಹೊಡೆದು ನೋಡಿ, ತಲೆದೂಗಿ, ಆಮೇಲೆ ಎಂಜಿನ್ನಿಗೆ ಕೈ ಹಚ್ಚಿದ. ಅಳುಬುರುಕಿ ಹದಿನಾಲ್ಕಾಯಿತು. ಹಾಗಾದರೆ ಹಿಂದಿರುವ ಹದಿನಾಲ್ಕು ಏನಾಗಬೇಕು ಎಂದು ಫಿಟ್ಟರಕ್ಕ ಕೇಳಿದಳು. ಅದಕ್ಕೆ ಒಂಬತ್ತು ಎಂದು ಬರೆಸಿದರು.

ಗಂಟೆ ಮಾತ್ರ ನಿಲ್ಲಲಿಲ್ಲ. ಅದರ ತಂತಿ ಕಿತ್ತರೆ ಎಂಜಿನ್ನೇ ಚಾಲೂ ಆಗುವುದಿಲ್ಲ. ಏಳನೇ ವರ್ಗವನ್ನು ಮಾಡಿದವರು ಈ ಶೆಡ್ಡಿನವರನ್ನು ಮೊದಲೇ ಬಲ್ಲವರಂತೆ ಮಾಡಿದ್ದರು. ಕೊನೆಗೆ ಗುಮಾಸ್ತ ಫಿಟ್ಟರಕ್ಕನ ಮುಂದೆ ಕೈಮುಗಿದು ನಿಂತ. ಮಗಳು ನೀವು ಎನ್ನುವ ವಿಷಯ ಹೇಳಿದ.

“ಸುಳ್ಳು ನಾನು ಹೇಳಲ್ಲ,” ಎಂದಳು ಅವಳು. “ಒಳಗೆ ಗಂಟೆ ನಾಲಿಗೆ ಹಿಡ್ಕೊಂಡು ಕೂತಿರ್ತೀನಿ. ಅಷ್ಟೇ.”

ಮುಖ್ಯ ಇಂಜಿನಿಯರ್ ನಾಲ್ಕಕ್ಕೆ ಬರಲಿಲ್ಲ, ಮೂರಕ್ಕೇ ಬಂದರು. ಗುಮಾಸ್ತ ನಲ್ಲಿಯ ಕೆಳಗೆ ತಲೆಯಿಟ್ಟು ಬಣ್ಣದ ಕಲೆ ಉಜ್ಜಿಕೊಳ್ಳುತ್ತಿದ್ದ. ಕಾರಿನ ಸದ್ದು ಕೇಳಿ ಓಡಿ, ಬಾಗಿಲ ಹಿಂದೆ ಮೊಳೆಗೆ ಹಾಕಿದ್ದ ತನ್ನ ನೀಲಿ ಕೋಟನ್ನು ತೊಟ್ಟು, ಅರ್ಜಿಯನ್ನು ಅದರ ಜೇಬಿಗೆ ಸೇರಿಸಿ ಬಂದು ನಿಂತ.

ಬಂದವರು ನರೆಗೂದಲಿನ, ಮೆಲುದನಿಯ ಹೆಂಗಸು. ಬೈಯುವವರಂತೆ ಕಾಣಲಿಲ್ಲ. ಅದರಿಂದ ಗುಮಾಸ್ತನಿಗೆ ಇನ್ನೂ ಭಯವಾಯಿತು. ಅವರು ಅವನ ಸೀಟಿನಲ್ಲೇ ಕೂತು ಹದಿನಾಲ್ಕರ ಜಾತಕವನ್ನು ಪುಟಪುಟ ತಿರುಗಿಸಿದರು. ಅದಕ್ಕೇ ಅರ್ಧ ಗಂಟೆ ಹಿಡಿಯಿತು.

“ಆರು ವರ್ಷದಲ್ಲಿ ಒಂದು ಬಲ್ಬೂ ಹೋಗಿಲ್ವಾ?” ಎಂದು ಕೇಳಿದರು.

“ಇದ್ರೆ ತಾನೇ ಮೇಡಂ ಹೋಗೋದು,” ಎಂದುಬಿಟ್ಟ ಗುಮಾಸ್ತ. ಮಾಸ್ತರರಿಗೆ ಕೆಮ್ಮು ಬಂತು. ದೂರು ಇದ್ದರೆ ತಾನೇ ಬರೆಯುವುದು ಎಂದು ಇವರ ಮಾತಿನ ಅರ್ಥ ಎಂದು ಉಪಾಯ ತಿದ್ದಿದ.

ಮೇಡಂ ನಗಲಿಲ್ಲ. ಎದ್ದು ಎಂಜಿನ್ ಕಡೆ ನಡೆದರು. ನಡೆಯುತ್ತಾ, ಹದಿನಾರು ವರ್ಷದ ಹಿಂದೆ ಕಾರ್ಖಾನೆಯಲ್ಲಿ ಹದಿನಾಲ್ಕನೇ ನಂಬರನ್ನು ಪರೀಕ್ಷೆ ಮಾಡಿದವಳು ತಾನೇ ಎಂದರು. ಹನ್ನೊಂದು ದಿನ ಅದರೊಳಗೇ ಇದ್ದರಂತೆ.

“ಮೊದಲ್ನೇ ದಿನ ಅದರ ಹಾರನ್ನು ಬಾತುಕೋಳಿ ಥರ ಕೂಗಿತು. ಅದಕ್ಕೇ ಡ್ರೈವರ್ ಮೇಜಿನ ಅಡಿಗೆ ಸ್ಕ್ರೂಡ್ರೈವರಲ್ಲಿ ಒಂದು ಬಾತುಕೋಳಿ ಗೀಚಿದೀನಿ. ಯಾರಿಗೂ ಗೊತ್ತಿಲ್ಲ. ಇದೆಯಾ ನೋಡ್ಬೇಕು.”

ಗುಮಾಸ್ತನ ಕಿವಿಯಲ್ಲಿ ಆರು ಸಾವಿರ ಕುದುರೆಗಳೂ ಒಟ್ಟಿಗೆ ಓಡಿದವು. ಉಪಾಯನ ಹತ್ತಿರವೂ ಉಪಾಯವಿರಲಿಲ್ಲ. ಇನ್ನು ಹೇಳಿಬಿಡುವುದೇ ಸರಿ ಎಂದು ಗುಮಾಸ್ತ ಬಾಯಿ ತೆರೆಯುವಷ್ಟರಲ್ಲಿ ಮೇಡಂ ಏಣಿ ಹತ್ತಿ, ಟಾರ್ಚು ಹಿಡಿದು, ಮೇಜಿನ ಅಡಿಗೆ ಅಂಗಾತ ಜಾರಿದ್ದರು. ಹೊರಗೆ ಕಾಣುತ್ತಿದ್ದದ್ದು ಎರಡು ಬೂಟು. ಬೂಟುಗಳು ಬಹಳ ಹೊತ್ತು ಅಲ್ಲಾಡಲಿಲ್ಲ.

“ಇದೆ,” ಎಂದು ಒಳಗಿನಿಂದ ದನಿ ಬಂತು.

ಗುಮಾಸ್ತನಿಗೆ ಆಗ ನೆನಪಾಯಿತು. ನಾಲ್ಕು ವರ್ಷದ ಹಿಂದೆ ಅಳುಬುರುಕಿಯ ಮೇಜು ಸುಟ್ಟುಹೋದಾಗ ದಾನಿಯ ಮೇಜನ್ನೇ ಬಿಚ್ಚಿ ತಂದು ಕೂರಿಸಿದ್ದರು. ಮೇಜು ಮಾತ್ರವೇ? ಮೋಟರು, ಕಂಪ್ಯೂಟರು, ನೆತ್ತಿಯ ಕೈ, ಹಾರನ್ನು. ದಾನಿ ಯಾರಿಗೂ ಇಲ್ಲವೆನ್ನಲಿಲ್ಲ, ಆದರೆ ಅಳುವ ಕೂಸಿಗೇ ಹೆಚ್ಚು ಕೊಟ್ಟಿತ್ತು.

ಮೇಡಂ ಎಂಜಿನ್ನನ್ನು ಹಿಂದೆ ಮುಂದೆ ಓಡಿಸಿ ನೋಡಿದರು. ಫಿಟ್ಟರಕ್ಕ ಒಳಗೆಲ್ಲೋ ಗಂಟೆಯ ನಾಲಿಗೆ ಬಿಗಿಹಿಡಿದಿದ್ದಳು. ಅಳುಬುರುಕಿ ತನ್ನ ಜನ್ಮದಲ್ಲಿ ಮೊದಲ ಬಾರಿಗೆ ತುಟಿಪಿಟಕ್ಕೆನ್ನದೆ ಓಡಿತು. ಇಷ್ಟು ಒಳ್ಳೆಯ ಎಂಜಿನ್ ಶೆಡ್ಡಿನಲ್ಲಿ ಏಕೆ ನಿಂತಿದೆ, ಐದು ಗಂಟೆಯ ಎಕ್ಸ್‌ಪ್ರೆಸ್ಸಿಗೆ ಇದನ್ನೇ ಜೋಡಿಸಿ ಎಂದು ಅವರು ಆಜ್ಞೆ ಮಾಡಿ ಇಳಿದರು. ಎಂಜಿನ್ ಡ್ರೈವರು ಅದನ್ನು ಹತ್ತಿ ಆಗಲೇ ಸ್ಟೇಷನ್ ಕಡೆ ಹೊರಟುಬಿಟ್ಟ. ಒಳಗೆ ಫಿಟ್ಟರಕ್ಕ ಇದ್ದದ್ದು ಅವನಿಗೆ ಗೊತ್ತಿರಲಿಲ್ಲ. ಹೊರಗೆ ಗೊತ್ತಿದ್ದವರು ಹೇಳುವ ಹಾಗಿರಲಿಲ್ಲ.

ಗುಮಾಸ್ತ ಕೆಲಸ ಉಳಿಯಿತು ಎಂದುಕೊಂಡ. ಜೇಬಿನ ಅರ್ಜಿಯ ಮೇಲೆ ಕೈಯಿಟ್ಟ. ಆಗ ಮೇಡಂ ಮುಖ ನೋಡಿದ. ಅದು ಬಾಡಿತ್ತು.

“ನನಗೆ ಸಂತೋಷ ಆಗ್ಬೇಕು,” ಎಂದರು ಅವರು. “ಬಂದರು ಊರಲ್ಲಿ ರೈಲ್ವೆ ಮ್ಯೂಸಿಯಂ ಮಾಡ್ತಿದೀವಿ. ಏಳನೇ ವರ್ಗದ್ದು ಒಂದು ಬೇಕು. ಒಳಗೆ ಖಾಲಿ ಇರ್ಬೇಕು, ಮಕ್ಕಳು ಹತ್ತಿ ಓಡಾಡೋ ಹಾಗೆ. ಓಡೋ ಎಂಜಿನ್ನನ್ನ ಮ್ಯೂಸಿಯಮ್ಮಿಗೆ ಕೊಡೋ ಹಾಗಿಲ್ಲ. ಈ ಪುಸ್ತಕ ನೋಡ್ದಾಗ, ಆರು ವರ್ಷ ಒಂದೂ ದೋಷ ಇಲ್ಲ ಅಂದ್ರೆ ನನ್ನ ಹದಿನಾಲ್ಕು ಎಂದೋ ಸತ್ತಿದೆ, ಯಾರೋ ಪಾಪ ಹೆದರಿ ಬರೀತಿದಾರೆ ಅಂದ್ಕೊಂಡೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಹಾಗೆ ಬರ್ದಿದೀನಿ. ಇಬ್ಬರ ಸಹಿ ಹಾಕಿಸ್ಕೊಂಡು, ಮೂರನೇದು ನನ್ನದೇ ಹಾಕಿ, ಕರ್ಕೊಂಡು ಹೋಗೋಣ ಅಂತ ಬಂದೆ. ಪುಸ್ತಕ ಬರೆದವರನ್ನೂ ಅದರ ಜೊತೆಗೇ ಕಳಿಸೋಣ ಅಂತಿದ್ದೆ. ಬಂದವರಿಗೆ ಅದರ ಕತೆ ಹೇಳೋಕೆ ಅವರೇ ಸರಿ ಅಲ್ವಾ.”

ಗುಮಾಸ್ತ ನಿಂತಲ್ಲೇ ನಿಂತ. ಬಂದರು ಊರು. ಅವನು ಹಿಂದಿನ ಹಳಿಯ ಕಡೆ ಕೈ ತೋರಿಸಿದ.

“ಮೇಡಂ, ಅದು ಹದಿನಾಲ್ಕು. ಈಗ ಹೋಯ್ತಲ್ಲ, ಅದಲ್ಲ. ನಾನು ಬರ್ದಿದ್ದೆಲ್ಲ ಸುಳ್ಳು.”

ಮೇಡಂ ಅವನನ್ನು ಕರುಣೆಯಿಂದ ನೋಡಿದರು. “ಬಾತುಕೋಳೀನ ನಾನೇ ನೋಡಿದೀನಿ. ಮ್ಯೂಸಿಯಮ್ಮಿನ ಕೆಲಸದ ಆಸೆಗೆ ಇಂಥ ಸುಳ್ಳು ಹೇಳ್ಬಾರ್ದು. ಆರು ವರ್ಷ ಒಂದಕ್ಷರ ಸುಳ್ಳು ಬರೀದೆ ಇದ್ದವರು ನೀವು.”

ಗುಮಾಸ್ತ ಮಾಸ್ತರರ ಕಡೆ ತಿರುಗಿದ. ಮಾಸ್ತರರು ಆಕಾಶದಲ್ಲಿ ಏನೋ ಹುಡುಕುತ್ತಿದ್ದರು. ಎಪ್ಪತ್ತೆರಡು ಸಹಿ ಅವರವು. ನಿಜ ಹೇಳಬಲ್ಲ ಒಬ್ಬಳೇ ಒಬ್ಬಳು ಗಂಟೆಯ ನಾಲಿಗೆ ಹಿಡಿದುಕೊಂಡು ಸ್ಟೇಷನ್ನಿಗೆ ಹೋಗಿದ್ದಳು. ಪೇಂಟರ್ ತಾತನನ್ನು ಕೇಳೋಣವೆಂದರೆ, ಅವನಿಗೆ ರಜಾ ಕೊಟ್ಟು ಮಾಸ್ತರರೇ ಮನೆಗೆ ಕಳಿಸಿಬಿಟ್ಟಿದ್ದರು.

ಮೇಡಂ ಹಿಂದಿನ ಹಳಿಗೆ ನಡೆದು ಖಾಲಿ ತಗಡನ್ನು ಸುತ್ತಿ ನೋಡಿದರು. ಒಳಗೆ ಇಣುಕಿದರು. ಇದು ಯಾವುದು ಎಂದು ಕೇಳಿದರು.

“ಒಂಬತ್ತು ಮೇಡಂ,” ಎಂದ ಉಪಾಯ ಥಟ್ಟನೆ. “ಅದರ ಪುಸ್ತಕ ನನ್ನ ಹತ್ರ ಇದೆ.”

ಅದು ನಿಜವೇ. ಕೆಲಸ ಹೆಚ್ಚಾಯಿತೆಂದು ಗುಮಾಸ್ತ ಗೋಗರೆದ ಮೇಲೆ ಹೋದ ವರ್ಷದಿಂದ ಬೆಸ ಸಂಖ್ಯೆಯ ಎಂಜಿನ್‌ಗಳ ಜಾತಕವನ್ನು ಸ್ಟೋರ್ ಕೀಪರಿಗೆ ವಹಿಸಿದ್ದರು. ಉಪಾಯ ಓಡಿಹೋಗಿ ಪುಸ್ತಕ ತಂದ. ಅದರಲ್ಲಿ ದೋಷದ ಕಾಲಂ ಸಾಲದೆ ಹಾಳೆ ಅಂಟಿಸಿತ್ತು. ನಾನೂರ ಹನ್ನೆರಡು ದೋಷ. ಮೇಡಂ ಪುಟ ತಿರುಗಿಸಿದಂತೆ ಅವರ ಮುಖ ಅರಳಿತು. ಇದು ಜೀವಂತ ಜಾತಕ, ಬರೆದವನು ಏನನ್ನೂ ಮುಚ್ಚಿಟ್ಟಿಲ್ಲ, ಇಂಥವನು ಬೇಕು ಮ್ಯೂಸಿಯಮ್ಮಿಗೆ ಎಂದರು. ಉಪಾಯ ತಲೆ ತಗ್ಗಿಸಿದ. ನಾನೂರ ಹನ್ನೆರಡರಲ್ಲಿ ಮುನ್ನೂರ ಎಂಬತ್ತನ್ನು ಬರೆದವನು ಗುಮಾಸ್ತ. ಹೊದಿಕೆಯ ಮೇಲೆ ಮಾತ್ರ ಈಗಿನವನ ಹೆಸರಿತ್ತು.

ಮೇಡಂ ತಂದಿದ್ದ ಕಾಗದಕ್ಕೆ ಅಲ್ಲೇ ಮೂರನೇ ಸಹಿ ಹಾಕಿದರು. ಹದಿನಾಲ್ಕು ಎಂದಿದ್ದಲ್ಲಿ ಹೊಡೆದು ಒಂಬತ್ತು ಎಂದು ತಿದ್ದಿದರು. ಸೋಮವಾರ ಒಂಬತ್ತನೇ ನಂಬರೂ ಅದರ ಪುಸ್ತಕದವರೂ ಬಂದರು ಊರಿಗೆ ಹೊರಡತಕ್ಕದ್ದು. ಆಮೇಲೆ ತಗಡಿನ ಮೈಯನ್ನು ಒಮ್ಮೆ ತಟ್ಟಿ, “ಪಾಪ, ಎಷ್ಟು ಅತ್ತಿದೆ ಇದು,” ಎಂದರು. ಹದಿನಾಲ್ಕು ಸುಮ್ಮನೆ ತಟ್ಟಿಸಿಕೊಂಡಿತು.

ಗುಮಾಸ್ತ ಕೊನೆಯದಾಗಿ ಅರ್ಜಿಯನ್ನು ಕೈಯಲ್ಲೇ ಕೊಟ್ಟ, ಬಾಯಿ ಬಿಟ್ಟೂ ಕೇಳಿದ. ಹೆಂಡತಿ, ಮಗಳು, ಒಂಬತ್ತು ಗಂಟೆ, ಎಲ್ಲ ಹೇಳಿದ. ಮೇಡಂ ಗಮನವಿಟ್ಟು ಕೇಳಿದರು. ಅವರ ಮನಸ್ಸು ಕರಗುವುದು ಕಂಡಿತು. ಬರೆಯಲು ಆಸರೆ ಬೇಕೆಂದರು. ಗುಮಾಸ್ತ ಮೇಜು ತರಲು ತಿರುಗಿದ.

ಅವನ ಕೋಟಿನ ಬೆನ್ನ ಮೇಲೆ, ಒಂದು ಮೊಳದೆತ್ತರಕ್ಕೆ, ಬಿಳಿ ಬಣ್ಣದಲ್ಲಿ, ಅಳತೆ ಪಟ್ಟಿ ಹಿಡಿದಷ್ಟು ನೇರವಾಗಿ ಹದಿನಾಲ್ಕು ಎಂದಿತ್ತು.

ಮೇಡಂ ಹತ್ತಿರ ಬಂದು ಆ ಅಂಕಿಗಳನ್ನು ಓದಿದರು. ಇಷ್ಟು ವರ್ಷದ ನೌಕರಿಯಲ್ಲಿ ಎಂಜಿನ್ನನ್ನು ಇಷ್ಟು ಪ್ರೀತಿಸಿದವರನ್ನು ತಾನು ಕಂಡಿಲ್ಲ ಎಂದರು. ಅರ್ಜಿಯ ಮೇಲೆ ಅವರು ಬರೆದದ್ದು ಎರಡೇ ಸಾಲು. ಹದಿನಾಲ್ಕನೇ ನಂಬರು ಓಡುತ್ತಿರುವವರೆಗೂ ಇವರನ್ನು ಅದರಿಂದ ಬೇರ್ಪಡಿಸಕೂಡದು. ಈ ಆದೇಶವನ್ನು ಯಾರೂ ಬದಲಾಯಿಸುವಂತಿಲ್ಲ.

ಅವರ ಕಾರು ಹೋದ ಮೇಲೆ ಗುಮಾಸ್ತ ತನ್ನ ಸೀಟಿನಲ್ಲಿ ಕೂತ. ಐದು ಹೊಡೆಯಿತು. ಸ್ಟೇಷನ್ನಿನಿಂದ ಎಕ್ಸ್‌ಪ್ರೆಸ್ ಹೊರಟ ಸದ್ದು ಬಂತು. ಎರಡು ನಿಮಿಷ ಶಾಂತವಾಗಿತ್ತು. ಆಮೇಲೆ ಮೊದಲ ಸಿಗ್ನಲ್ಲಿನ ಹತ್ತಿರ ಗಂಟೆ ಮೊಳಗತೊಡಗಿತು, ಒಂದೇ ಸಮನೆ, ಕೂಸು ಉಸಿರು ತೆಗೆದುಕೊಳ್ಳದೆ ಅಳುವ ಹಾಗೆ. ಫಿಟ್ಟರಕ್ಕನ ಕೈ ಸೋತಿತ್ತು.

ಗುಮಾಸ್ತ ಹದಿನಾಲ್ಕರ ಜಾತಕ ತೆರೆದ. ಆರು ವರ್ಷದಲ್ಲಿ ಮೊದಲ ಬಾರಿಗೆ ದೋಷದ ಕಾಲಮ್ಮಿಗೆ ಪೆನ್ನು ಇಟ್ಟ. ಫೋನ್ ರಿಂಗಾಯಿತು. ಹೆಂಡತಿ.

“ಕೇಳಿದ್ರಾ?”

“ಕೇಳ್ದೆ.”

“ಬಾಯಿ ಬಿಟ್ಟು?”

“ಹ್ಞೂಂ.”

“ನಿಮ್ಮ ಪಕ್ಕದ್ಮನೆಯವ್ರು ಈಗಷ್ಟೇ ಫೋನ್ ಮಾಡಿದ್ರು ಕಣ್ರೀ. ಸೋಮವಾರ ಬರ್ತಾರಂತೆ. ನಮ್ಮ ಬೀದೀಲೇ ಒಂದು ಬಾಡಿಗೆ ಮನೆ ನೋಡಿಡಿ ಅಂದ್ರು. ಇದು ನಿಮಗೆ ಸಿಗ್ಬೇಕಾದ ಜಾಗ ಅಲ್ವಾ? ಹೇಗಾಯ್ತು ಇದು?”

ಸಿಗ್ನಲ್ಲಿನ ಹತ್ತಿರ ಗಂಟೆ ಮೊಳಗುತ್ತಲೇ ಇತ್ತು. ಗುಮಾಸ್ತ ಪುಟ ನೋಡಿದ. ದೋಷದ ಮುಂದೆ ‘ಕಾರಣ’ ಎಂಬ ಕಾಲಂ ಇತ್ತು. ಅದನ್ನು ಖಾಲಿ ಬಿಡುವ ಹಾಗಿರಲಿಲ್ಲ.

“ಬರೀತಾ ಇದೀನಿ,” ಎಂದ.